ಸಾವಿರದ ಇನ್ನೂರರ ಲೆಕ್ಕ

ಕಳೆದ ವರ್ಷ ಕ್ಯಾಲೊರಿ ಎಣಿಸುವ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡಾಗ ಅದು ನನ್ನನ್ನು ಕೇಳಿದ್ದು ನಾಲ್ಕೇ ಪ್ರಶ್ನೆ: ವಯಸ್ಸೆಷ್ಟು, ಎತ್ತರವೆಷ್ಟು, ತೂಕವೆಷ್ಟು, ಎಷ್ಟು ಇಳಿಸಬೇಕು. ನನಗೆ 44 ವರ್ಷ. ಎತ್ತರ 158 ಸೆಂಟಿಮೀಟರ್, ತೂಕ 60 ಕಿಲೋ. ಇಳಿಸುವುದೇನೂ ಬೇಡ, ಇರುವ ತೂಕ ಹೀಗೆಯೇ ಉಳಿದರೆ ಸಾಕು ಎಂದು ಹೇಳಲು ಅಲ್ಲಿ ಜಾಗವೇ ಇರಲಿಲ್ಲ. ಏನಾದರೊಂದು ತುಂಬಲೇಬೇಕಲ್ಲ ಎಂದು ಎರಡು ಕಿಲೋ ಎಂದು ಒತ್ತಿದೆ. ದಿನಕ್ಕೆ 1,200 ಕ್ಯಾಲೊರಿ ಎಂಬ ಉತ್ತರ ಬಂತು.

ಸಂಶಯ ಬಂದದ್ದು ಗೆಳತಿಯೊಬ್ಬಳೊಂದಿಗೆ ಮಾತನಾಡುವಾಗ. ನನಗಿಂತ ಹತ್ತು ಸೆಂಟಿಮೀಟರ್ ಎತ್ತರವಿರುವ, ವಯಸ್ಸಿನಲ್ಲಿ ಹನ್ನೆರಡು ವರ್ಷ ಚಿಕ್ಕವಳಾದ, ವಾರಕ್ಕೆ ಮೂರು ದಿನ ಈಜಲು ಹೋಗುವ ಅವಳಿಗೂ ಅದೇ 1,200 ಸಿಕ್ಕಿತ್ತು. ಬಟ್ಟೆಯ ಅಳತೆ ಒಂದಾಗದ ಇಬ್ಬರಿಗೆ ಊಟದ ಅಳತೆ ಮಾತ್ರ ಒಂದಾಗುವುದು ಹೇಗೆ ಎಂದು ಯೋಚಿಸಿ, ಲೆಕ್ಕವನ್ನು ನಾನೇ ಹಾಕಲು ಕುಳಿತೆ.

ಆಹಾರದ ವಿಷಯದಲ್ಲಿ ನಾವು ಕ್ಯಾಲೊರಿ ಎನ್ನುವುದು ವಾಸ್ತವದಲ್ಲಿ ಕಿಲೋಕ್ಯಾಲೊರಿ, ಅಂದರೆ ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಬೇಕಾದ ಶಾಖ. ಒಂದು ಗ್ರಾಂ ಪ್ರೋಟೀನ್ ಮತ್ತು ಒಂದು ಗ್ರಾಂ ಕಾರ್ಬೋಹೈಡ್ರೇಟ್ ತಲಾ 4, ಕೊಬ್ಬು 9 ಕ್ಯಾಲೊರಿ ಕೊಡುತ್ತವೆ ಎಂಬ ಲೆಕ್ಕ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ ಮಾಡಿದ ಪ್ರಯೋಗಗಳಿಂದ ಬಂದದ್ದು. ಇಂದಿಗೂ ಪೊಟ್ಟಣಗಳ ಮೇಲಿನ ಅಂಕಿಗಳಿಗೆ ಆಧಾರ ಅದೇ. ಇದು ತಿನ್ನುವ ಕಡೆಯ ಲೆಕ್ಕ. ನನಗೆ ಬೇಕಿದ್ದದ್ದು ಖರ್ಚಿನ ಕಡೆಯದು.

ಅದಕ್ಕೆ ಆಹಾರತಜ್ಞರು ಹೆಚ್ಚಾಗಿ ಬಳಸುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನು. ಕಿಲೋದಲ್ಲಿರುವ ತೂಕವನ್ನು 10ರಿಂದ, ಸೆಂಟಿಮೀಟರಿನಲ್ಲಿರುವ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಿಂದ ವಯಸ್ಸಿನ ಐದು ಪಟ್ಟನ್ನು ಕಳೆಯಬೇಕು. ಕೊನೆಗೆ ಹೆಣ್ಣಾದರೆ 161 ಕಳೆಯಬೇಕು, ಗಂಡಾದರೆ 5 ಕೂಡಿಸಬೇಕು. ಒಂದೇ ವಯಸ್ಸಿನ, ಒಂದೇ ಎತ್ತರ ಮತ್ತು ತೂಕದ ಹೆಣ್ಣು ಗಂಡುಗಳ ನಡುವೆ 166 ಕ್ಯಾಲೊರಿಯ ಈ ಅಂತರ ಇರುವುದಕ್ಕೆ ಮುಖ್ಯ ಕಾರಣ, ಹೆಣ್ಣಿನ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚಾಗಿ ಸ್ನಾಯುವಿನ ಪಾಲು ಕಡಿಮೆ ಇರುವುದು. ನನ್ನ ಅಂಕಿಗಳನ್ನು ಹಾಕಿದೆ: 600 ಮತ್ತು 987.5 ಕೂಡಿಸಿ, 220 ಮತ್ತು 161 ಕಳೆದರೆ ಉಳಿದದ್ದು 1,206.5.

ಈ ಸೂತ್ರ ಹೇಳುವುದು ವಿಶ್ರಾಂತಿಯಲ್ಲಿರುವ ದೇಹದ ಖರ್ಚನ್ನು ಮಾತ್ರ. ಹಗಲೂ ರಾತ್ರಿ ಹಾಸಿಗೆ ಬಿಟ್ಟು ಏಳದೆ, ಯಾವ ಕೆಲಸವನ್ನೂ ಮಾಡದೆ ಬಿದ್ದುಕೊಂಡಿದ್ದರೂ ನನ್ನ ಹೃದಯ ಬಡಿಯಲು, ಮೂತ್ರಪಿಂಡ ರಕ್ತವನ್ನು ಸೋಸಲು, ಯಕೃತ್ತು ತನ್ನ ನೂರೆಂಟು ಕೆಲಸಗಳನ್ನು ನಡೆಸಲು, ದೇಹದ ತೂಕದಲ್ಲಿ ಶೇಕಡಾ ಎರಡರಷ್ಟಿದ್ದು ವಿಶ್ರಾಂತಿಯ ಖರ್ಚಿನಲ್ಲಿ ಶೇಕಡಾ ಇಪ್ಪತ್ತರಷ್ಟನ್ನು ಕೇಳುವ ಮಿದುಳು ಯೋಚಿಸಲು ಬೇಕಾಗುವ ಇಂಧನ ಅಷ್ಟು. ಆ್ಯಪ್ ನನಗೆ ಗೊತ್ತುಮಾಡಿದ್ದ ಇಡೀ ದಿನದ ಊಟವೆಂದರೆ, ಮಲಗಿಯೇ ಇರುವವಳ ಊಟ! ಎದ್ದು ಹಲ್ಲುಜ್ಜುವುದಕ್ಕೂ ಅದರಲ್ಲಿ ಪಾಲಿರಲಿಲ್ಲ.

ಇಡೀ ದಿನದ ಖರ್ಚು ತಿಳಿಯಬೇಕಾದರೆ ಈ ಮೂಲ ಅಂಕಿಯನ್ನು ಚಟುವಟಿಕೆಗೆ ತಕ್ಕ ಗುಣಕದಿಂದ ಗುಣಿಸಬೇಕು. ಕುಳಿತೇ ಕೆಲಸ ಮಾಡುವವರಿಗೆ 1.2, ಸ್ವಲ್ಪ ನಡೆದಾಡುವವರಿಗೆ 1.375, ವಾರದ ಹೆಚ್ಚಿನ ದಿನಗಳಲ್ಲಿ ಸಾಧಾರಣ ವ್ಯಾಯಾಮ ಮಾಡುವವರಿಗೆ 1.55, ಕಠಿಣ ತರಬೇತಿಯಲ್ಲಿರುವವರಿಗೆ 1.725 ಎಂಬುದು ರೂಢಿಯಲ್ಲಿರುವ ಪಟ್ಟಿ. ನನ್ನ ಮಟ್ಟಿಗೆ ಇದು 1,450ರಿಂದ 1,870ರ ವರೆಗೆ ಎಲ್ಲಿ ಬೇಕಾದರೂ ಇರಬಹುದು. ಸೂತ್ರದಲ್ಲಿ ದಶಮಾಂಶದ ನಿಖರತೆ ಇದ್ದರೂ ಗುಣಕವನ್ನು ಆರಿಸುವುದು ನಮ್ಮ ಅಂದಾಜು, ಮತ್ತು ತಾನು ಎಷ್ಟು ಓಡಾಡುತ್ತೇನೆ ಎಂಬ ವಿಷಯದಲ್ಲಿ ಯಾರ ಅಂದಾಜೂ ತನ್ನ ಪರವಾಗಿಯೇ ವಾಲಿರುತ್ತದೆ.

ನಮ್ಮ ಮನೆಯಲ್ಲಿ ನಾವು ಮೂವರು ಹೆಂಗಸರು. ಹತ್ತೊಂಬತ್ತರ ಮಗಳು 168 ಸೆಂಟಿಮೀಟರ್ ಎತ್ತರ, 62 ಕಿಲೋ ತೂಕ. ವಾಲಿಬಾಲ್ ಆಡುತ್ತಾಳೆ, ವಾರಕ್ಕೆ ಆರು ದಿನ ತರಬೇತಿ. ಅವಳ ವಿಶ್ರಾಂತಿಯ ಖರ್ಚು 1,414, ದಿನದ ಒಟ್ಟು ಖರ್ಚು ಸುಮಾರು 2,440. ಎಪ್ಪತ್ತೆರಡರ ಅಮ್ಮ 150 ಸೆಂಟಿಮೀಟರ್, 52 ಕಿಲೋ. ಅವರ ವಿಶ್ರಾಂತಿಯ ಖರ್ಚು 937, ಮನೆಯೊಳಗಿನ ಓಡಾಟ ಮತ್ತು ಸಂಜೆಯ ನಡಿಗೆ ಸೇರಿ ಹೆಚ್ಚೆಂದರೆ 1,290. ಒಂದೇ ಮೇಜಿಗೆ ಕುಳಿತು ಉಣ್ಣುವ ಅಜ್ಜಿ ಮೊಮ್ಮಗಳ ನಡುವೆ ದಿನಕ್ಕೆ ಸಾವಿರಕ್ಕೂ ಮೀರಿದ ವ್ಯತ್ಯಾಸ. ಹೆಂಗಸರಿಗೆ ದಿನಕ್ಕೆ 2,000 ಎಂದು ಎಲ್ಲೆಡೆ ಓದುತ್ತೇವಲ್ಲ, ಆ ಅಂಕಿ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಂದುವುದಿಲ್ಲ.

ಆ 2,000ದ ಹುಟ್ಟೂ ಕುತೂಹಲದ್ದೇ. ಬ್ರಿಟನ್ನಿನ ಆರೋಗ್ಯ ಸೇವೆ ಅದನ್ನು ಸರಾಸರಿ ಹೆಣ್ಣಿಗೆ ಸೂಚಿಸುತ್ತದೆ, ಗಂಡಿಗೆ 2,500. ಅಮೆರಿಕದ ಆಹಾರ ಪೊಟ್ಟಣಗಳ ಮೇಲಿರುವ 2,000 ಮಾತ್ರ ಯಾರ ಅಗತ್ಯವನ್ನೂ ಅಳೆದು ಬಂದದ್ದಲ್ಲ. 1990ರ ದಶಕದ ಆರಂಭದಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಮೊದಲು ಪ್ರಸ್ತಾಪಿಸಿದ್ದು 2,350 ಎಂಬ ಅಂಕಿಯನ್ನು. ಅದು ಜನರನ್ನು ಹೆಚ್ಚು ತಿನ್ನಲು ಪ್ರೇರೇಪಿಸೀತು ಎಂಬ ಆಕ್ಷೇಪಗಳು ಬಂದ ಮೇಲೆ, ನೆನಪಿಡಲೂ ಲೆಕ್ಕಕ್ಕೂ ಸುಲಭವಾದ ಗುಂಡು ಅಂಕಿಗೆ ಇಳಿಸಲಾಯಿತು. ಅದೇ ದೇಶದ ಆಹಾರ ಮಾರ್ಗಸೂಚಿಯನ್ನು ನೋಡಿದರೆ ವಯಸ್ಕ ಹೆಂಗಸರ ಅಗತ್ಯ ಸುಮಾರು 1,600ರಿಂದ 2,400 ಎಂದಿದೆ. ನನಗೆ ಇದು ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

2,000 ಹೊಂದದಿದ್ದರೆ ಅದು ಹೆಚ್ಚೆಂದರೆ ಒಂದು ಒರಟು ಸರಾಸರಿ. ಆದರೆ 1,200ನ್ನು ಆರೋಗ್ಯವಂತ ಹೆಂಗಸರಿಗೆಲ್ಲ ಹಂಚುವುದರ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿನಲ್ಲಿ, 1944–45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಯುವಕರ ಮೇಲೆ ಹಸಿವಿನ ಪ್ರಯೋಗವೊಂದನ್ನು ನಡೆಸಿದರು. ಆರು ತಿಂಗಳ ಕಾಲ ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ಅವರ ತೂಕದ ಕಾಲು ಭಾಗದಷ್ಟು ಇಳಿಯಿತು. ನಾಡಿ ನಿಧಾನವಾಯಿತು, ಸದಾ ಚಳಿ, ಖಿನ್ನತೆ, ಹಗಲೂ ರಾತ್ರಿ ಊಟದ್ದೇ ಧ್ಯಾನ. ಆ ಹಂತಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು ಅರೆ ಉಪವಾಸ. ಗಂಡಸರ ಅಗತ್ಯ ಹೆಚ್ಚು ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಅರೆ ಉಪವಾಸವೆಂದು ದಾಖಲಾದ ಊಟಕ್ಕಿಂತಲೂ ಕಡಿಮೆಯದನ್ನು ಎತ್ತರದ, ದುಡಿಯುವ, ಈಜುವ ಹೆಣ್ಣೊಬ್ಬಳಿಗೆ ಮಾಮೂಲಿ ಗುರಿಯೆಂದು ಬರೆದುಕೊಡುವಾಗ ಯಾರಿಗಾದರೂ ಕೈ ತಡೆಯಬೇಕಿತ್ತು.

ಹೆಂಗಸರ ದೇಹ ಈ ಕೊರತೆಯನ್ನು ತನ್ನದೇ ರೀತಿಯಲ್ಲಿ ತಿಳಿಸುತ್ತದೆ. ಮಗಳ ಜೊತೆ ಆಡುವ ಹುಡುಗಿಯೊಬ್ಬಳಿಗೆ ಐದು ತಿಂಗಳು ಮುಟ್ಟು ನಿಂತಿತ್ತು. ತೂಕ ಹೆಚ್ಚಬಾರದೆಂದು ಅವಳು ದಿನಕ್ಕೆ 1,800ರ ಮಿತಿ ಹಾಕಿಕೊಂಡಿದ್ದಳು. ಕೇಳಲು ಅದು ಕಡಿಮೆಯೆನಿಸುವುದಿಲ್ಲ. ಕ್ರೀಡಾ ವೈದ್ಯರು ಇಂಥಲ್ಲಿ ನೋಡುವುದು, ವ್ಯಾಯಾಮಕ್ಕೆ ಹೋದದ್ದನ್ನು ಕಳೆದ ಮೇಲೆ ದೇಹದ ಉಳಿದ ಕೆಲಸಗಳಿಗೆ ಎಷ್ಟು ಉಳಿಯಿತು ಎಂಬುದನ್ನು. ಅವಳ ಮೈಕಟ್ಟು ನನ್ನ ಮಗಳದ್ದೇ ಎಂದುಕೊಂಡು ಲೆಕ್ಕ ಹಾಕಿದೆ. 62 ಕಿಲೋದಲ್ಲಿ ಕೊಬ್ಬನ್ನು ಬಿಟ್ಟರೆ ಉಳಿಯುವ ದೇಹ ಸುಮಾರು 46.5 ಕಿಲೋ, 1,800ರಲ್ಲಿ ತರಬೇತಿಗೆ 500 ಹೋದರೆ ಮಿಕ್ಕಿದ್ದು 1,300, ಅಂದರೆ ಕೊಬ್ಬಿಲ್ಲದ ಪ್ರತಿ ಕಿಲೋಗೆ 28. ಇದು 30ಕ್ಕಿಂತ ಕೆಳಗಿಳಿದರೆ ಅಂಡೋತ್ಸರ್ಗವನ್ನು ನಿಯಂತ್ರಿಸುವ ಹಾರ್ಮೋನಿನ ಲಯ ಐದೇ ದಿನಗಳಲ್ಲಿ ಕೆಡತೊಡಗುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ತಿಂಗಳುಗಟ್ಟಲೆ ಹಾಗೆಯೇ ನಡೆದರೆ ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ ಇಳಿದು ಮೂಳೆ ಸವೆಯತೊಡಗುತ್ತದೆ. ತೂಕದ ಯಂತ್ರದಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತಿರಬಹುದು. ನನಗೆ ಹೇಳಿ ಮಾಡಿಸಿದಂತಿರುವ 1,800 ಆ ಹುಡುಗಿಯ ಪಾಲಿಗೆ ಹಸಿವು.

ಬಸಿರಿನ ವಿಷಯದಲ್ಲಿ ತಪ್ಪು ಇದಕ್ಕೆ ತಿರುಗುಮುರುಗು. ಇಬ್ಬರಿಗಾಗುವಷ್ಟು ಉಣ್ಣಬೇಕು ಎಂದು ನನಗೂ ಬಡಿಸಿದ್ದರು. ಸಾಮಾನ್ಯ ತೂಕದ ಹೆಂಗಸಿಗೆ ಮೊದಲ ಮೂರು ತಿಂಗಳು ಹೆಚ್ಚಿಗೆ ಏನೂ ಬೇಕಾಗುವುದಿಲ್ಲ. ನಡುವಿನ ಮೂರು ತಿಂಗಳು ದಿನಕ್ಕೆ ಸುಮಾರು 340, ಕೊನೆಯ ಮೂರರಲ್ಲಿ ಸುಮಾರು 450 ಕ್ಯಾಲೊರಿ ಹೆಚ್ಚು ಸಾಕು. ಎದೆಹಾಲು ಕುಡಿಸುವಾಗ ಖರ್ಚು ಇದಕ್ಕಿಂತಲೂ ತುಸು ಹೆಚ್ಚೇ, ದಿನಕ್ಕೆ 500ರ ಆಸುಪಾಸು. ಅದರಲ್ಲಿ ಒಂದು ಪಾಲನ್ನು ಬಸಿರಿನಲ್ಲಿ ಕೂಡಿಟ್ಟ ಕೊಬ್ಬೇ ಪೂರೈಸುತ್ತದೆ.

ನಲವತ್ತು ದಾಟಿದ ಮೇಲೆ ದೇಹ ಉರಿಸುವುದನ್ನೇ ನಿಲ್ಲಿಸುತ್ತದೆ ಎಂದು ನಾನೂ ನಂಬಿದ್ದೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು 29 ದೇಶಗಳ 6,400ಕ್ಕೂ ಹೆಚ್ಚು ಜನರ ದೈನಂದಿನ ಖರ್ಚನ್ನು ಪರಿಶೀಲಿಸಿತು. ವಿಶೇಷವಾಗಿ ಗುರುತು ಮಾಡಿದ ನೀರನ್ನು ಕುಡಿಸಿ, ಅದು ದೇಹದಿಂದ ಹೊರಹೋಗುವ ವೇಗದಿಂದ ಖರ್ಚನ್ನು ಲೆಕ್ಕ ಹಾಕುವ ವಿಧಾನವದು. ದೇಹದ ಗಾತ್ರ ಮತ್ತು ಸ್ನಾಯುವಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ 20ರಿಂದ 60ರ ವಯಸ್ಸಿನ ತನಕ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಋತುಬಂಧದ ಹೊತ್ತಿನಲ್ಲೂ ಹೇಳಿಕೊಳ್ಳುವಂಥ ಕುಸಿತ ಕಾಣಲಿಲ್ಲ. ಇಳಿಕೆ ಶುರುವಾಗುವುದು ಅರವತ್ತರ ನಂತರ, ವರ್ಷಕ್ಕೆ ಶೇಕಡಾ 0.7ರಷ್ಟು. ಹಾಗಾದರೆ ನಡುವಯಸ್ಸಿನಲ್ಲಿ ತೂಕ ಏರುವುದೇಕೆ? ಸ್ನಾಯು ಕರಗಿದೆ, ಓಡಾಟ ತಗ್ಗಿದೆ, ನಿದ್ದೆ ಕೆಟ್ಟಿದೆ. ತಟ್ಟೆಯ ಅಳತೆ ಮಾತ್ರ ಮೊದಲಿನದೇ ಇದೆ. ವಯಸ್ಸಿನ ತಲೆಗೆ ಕಟ್ಟಿ ಆರಾಮವಾಗಿದ್ದ ನನಗೆ ಈ ಅಧ್ಯಯನ ಅಷ್ಟೇನೂ ಇಷ್ಟವಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಸೂತ್ರದಿಂದ ಸಿಗುವುದು ಆರಂಭದ ಅಂದಾಜು ಮಾತ್ರವಾದ್ದರಿಂದ, ನಿಜವಾದ ಅಂಕಿಗಾಗಿ ಎಂಟು ವಾರ ದಾಖಲೆ ಇಟ್ಟೆ. ಅಡುಗೆಮನೆಗೊಂದು ಚಿಕ್ಕ ತಕ್ಕಡಿ ತಂದು, ತಿಂದದ್ದನ್ನು ತೂಗಿ ಬರೆದೆ. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ನೋಡಿದೆ. ಒಂದು ದಿನದ ತೂಕವನ್ನು ನಂಬುವಂತಿಲ್ಲ ಎಂಬುದು ಮೊದಲ ವಾರವೇ ತಿಳಿಯಿತು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ದೇಹ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ನನ್ನ ತೂಕ ಒಂದೂವರೆ ಕಿಲೋ ಏರಿ, ಮುಟ್ಟಾದ ಮೂರನೆಯ ದಿನಕ್ಕೆ ತಾನಾಗಿ ಇಳಿಯುತ್ತಿತ್ತು. ವಾರದಿಂದ ವಾರಕ್ಕೆ ಹೋಲಿಸಿ ಊಟ ಕಡಿಮೆ ಮಾಡುವ ಹೆಂಗಸು ಬರಿಯ ನೀರಿಗೆ ಹೆದರಿ ಹಸಿದಿರುತ್ತಾಳೆ. ಹೋಲಿಸಬೇಕಾದದ್ದು ಒಂದು ಋತುಚಕ್ರದ ಸರಾಸರಿಯನ್ನು ಮುಂದಿನ ಋತುಚಕ್ರದ ಸರಾಸರಿಯೊಂದಿಗೆ.

ಎಂಟು ವಾರಗಳ ಕೊನೆಗೆ ನನ್ನ ಊಟದ ಸರಾಸರಿ 1,690 ಕ್ಯಾಲೊರಿ, ತೂಕದಲ್ಲಿ ಇಳಿದದ್ದು 0.8 ಕಿಲೋ. ಒಂದು ಕಿಲೋ ದೇಹದ ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ, ಹಾಗಾಗಿ 0.8 ಕಿಲೋಗೆ 6,160. ಅದನ್ನು 56 ದಿನಗಳಿಗೆ ಹಂಚಿದರೆ ದಿನಕ್ಕೆ 110ರ ಕೊರತೆ. ಎರಡನ್ನೂ ಕೂಡಿಸಿದಾಗ ತೂಕ ಏರದೆ ಇಳಿಯದೆ ನಿಲ್ಲಲು ನನಗೆ ಬೇಕಾದದ್ದು 1,800. ನನ್ನ ತೂಗುವಿಕೆಯಲ್ಲಿ ತಪ್ಪುಗಳಿರುತ್ತವೆ, ಪೊಟ್ಟಣಗಳ ಅಂಕಿಯೂ ಶೇಕಡಾ 20ರವರೆಗೆ ಆಚೀಚೆ ಇರಬಹುದು. ಆದರೂ ಪ್ರತಿದಿನ ಒಂದೇ ಬಗೆಯಲ್ಲಿ ತಪ್ಪು ಮಾಡುವವಳಿಗೆ ಅದೇ ಅಳತೆಗೋಲಿನಲ್ಲಿ ಸಿಕ್ಕ ಉತ್ತರ ಉಪಯೋಗಕ್ಕೆ ಬರುತ್ತದೆ. ಅಂದಾಜಿನಲ್ಲಿ ಬರೆದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ. 1992ರ ಒಂದು ಅಧ್ಯಯನದಲ್ಲಿ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರು ತಾವು ತಿಂದದ್ದನ್ನು ಸರಾಸರಿ ಶೇಕಡಾ 47ರಷ್ಟು ಕಡಿಮೆ ಮಾಡಿ ಹೇಳಿದ್ದರು. ಅವರು ಸುಳ್ಳು ಹೇಳಿದರೆಂದು ನನಗೆ ಅನಿಸುವುದಿಲ್ಲ. ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಕ್ಕಳು ಬಿಟ್ಟದ್ದನ್ನು ಬಾಯಿಗೆ ಹಾಕಿಕೊಂಡದ್ದು ಯಾರ ಲೆಕ್ಕದಲ್ಲಿರುತ್ತದೆ?

ಅಮ್ಮನ ವಿಷಯದಲ್ಲಿ ಮಾತ್ರ ಈ ಲೆಕ್ಕವನ್ನು ನಾನು ಮುಂದುವರಿಸಲಿಲ್ಲ. 1,290 ಎಂಬ ಸಣ್ಣ ಅಂಕಿಯನ್ನು ಕಂಡು ಅವರ ಊಟ ಕಡಿಮೆ ಮಾಡುವುದು ಸುಲಭ. ಆದರೆ ಕ್ಯಾಲೊರಿ ಇಳಿದಂತೆ ಪ್ರೋಟೀನ್, ಕ್ಯಾಲ್ಸಿಯಂಗಳ ಅಗತ್ಯ ಇಳಿಯುವುದಿಲ್ಲ, ವಯಸ್ಸಾದಂತೆ ಅದು ಏರುತ್ತದೆ. ಆ ವಯಸ್ಸಿನಲ್ಲಿ ಬಯಸದೆ ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲು ದೊಡ್ಡದು, ಹೋದ ಸ್ನಾಯು ಮರಳಿ ಬರುವುದು ಕಷ್ಟ. ಹಾಗಾಗಿ ಅವರದನ್ನು ತಿಂಗಳಿಗೊಮ್ಮೆ ತೂಕ ನೋಡುವುದಕ್ಕೆ ಮಾತ್ರ ನಿಲ್ಲಿಸಿದ್ದೇನೆ, ಅದೂ ಇಳಿದಿಲ್ಲ ತಾನೆ ಎಂದು ನೋಡಲು.

ಆ್ಯಪನ್ನು ತೆಗೆದುಹಾಕಿ ನಾಲ್ಕು ತಿಂಗಳಾಯಿತು. ಈಗ ಊಟ ತೂಗುವುದಿಲ್ಲ. ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ. ಅದು ಎತ್ತರದ ಅರ್ಧವನ್ನು, ನನ್ನ ಮಟ್ಟಿಗೆ 79 ಸೆಂಟಿಮೀಟರನ್ನು, ದಾಟದಿದ್ದರೆ ಸಾಕು. ಮುಂದಿನ ತಿಂಗಳು ಮಗಳ ಪಂದ್ಯಗಳು ಮುಗಿದು ತರಬೇತಿಗೆ ಬಿಡುವು ಸಿಗುತ್ತದೆ. ಅವಳ ಗುಣಕ 1.725ರಿಂದ 1.375ಕ್ಕೆ ಇಳಿದರೆ ದಿನದ ಅಗತ್ಯದಲ್ಲಿ ಸುಮಾರು 500 ಕಡಿಮೆಯಾಗುತ್ತದೆ ಎಂದು ಅವಳಿಗೆ ಹೇಳಿದ್ದೇನೆ. ಅದನ್ನು ತನ್ನ ಹಸಿವೇ ಹೇಳುತ್ತದೆ, ನೀನು ಬರೆದಿಟ್ಟುಕೊಳ್ಳಬೇಡ ಎಂದಿದ್ದಾಳೆ.