ಕಾಲರ್ ಹೊಲಿದ ಕೈ

ಜುಲೈ 14, 2024, ಭಾನುವಾರ
ಓಕ್ಲೀ, ಮೆಲ್ಬರ್ನ್

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಮಗಳ ರೇಷ್ಮೆ ಲಂಗದ ಅಂಚು ಬಿಚ್ಚಿಹೋಗಿತ್ತು. ಅದನ್ನು ಹಿಡಿದುಕೊಂಡು ಪಕ್ಕದ ಮನೆ ಯಾಯಾ ಹತ್ತಿರ ಹೋದೆ. ಯಾಯಾ ಅಂದ್ರೆ ಗ್ರೀಕ್‌ನಲ್ಲಿ ಅಜ್ಜಿ. ನಮ್ಮ ಮನೆಯಲ್ಲೂ ಈಗ ಎಲ್ಲರಿಗೂ ಅವರು ಯಾಯಾನೇ.

ಲಂಗವನ್ನು ಮೊದಲು ಮಗುಚಿ ಒಳಗಿನ ಹೊಲಿಗೆ ನೋಡಿದರು. ಜರಿಯ ಮೇಲೆ ಹೆಬ್ಬೆರಳು ಆಡಿಸಿದರು. ಸೂಜಿಗೆ ದಾರ ಪೋಣಿಸುವಾಗ ಅವರ ತೋರುಬೆರಳು ಕಣ್ಣಿಗೆ ಬಿತ್ತು. ಉಗುರು ನಡುವೆ ಸೀಳಿ, ಎರಡು ಪಾಲಾಗಿ ಬೆಳೆದಿದೆ. ಕಾರ್ಖಾನೆಯಲ್ಲಿ ಮಷೀನಿನ ಸೂಜಿ ಬೆರಳೊಳಗೆ ಇಳಿದಿತ್ತಂತೆ. ರಕ್ತ ತಾಗಬಾರದು ಅಂತ ಹೊಲಿದಿಟ್ಟ ಕಾಲರ್‌ಗಳನ್ನು ಮೊದಲು ಪಕ್ಕಕ್ಕೆ ಸರಿಸಿದರಂತೆ. ಬೆರಳು ನೋಡಿಕೊಂಡಿದ್ದು ಆಮೇಲೆ.

ಅವರ ಊರು ಗ್ರೀಸ್‌ನ ಕಲಮಾಟಾ ಹತ್ತಿರದ ಒಂದು ಹಳ್ಳಿ. ಮಹಾಯುದ್ಧ ಮುಗಿಯಿತು ಅನ್ನುವಷ್ಟರಲ್ಲಿ ಅಂತರ್ಯುದ್ಧ, ಅದೂ 1949ರವರೆಗೆ. ಊರಲ್ಲಿ ಕೆಲಸವಿಲ್ಲ. ಇಲ್ಲಿ ಕಾರ್ಖಾನೆಗಳಿಗೆ ಆಳು ಸಾಲದು. 1952ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡ ಮೇಲೆ ಹಡಗು ಹಡಗು ಜನ ಬಂದರು. ಯಾಯಾ ಬಂದಿದ್ದು 1964ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ. ಪಿರೇಯಸ್ ಬಂದರಿನಲ್ಲಿ ‘ಪಾತ್ರಿಸ್’ ಹಡಗು ಹತ್ತಿ, ಸೂಯೆಜ್ ಕಾಲುವೆ ದಾಟಿ, ವಾರಗಟ್ಟಲೆ ನೀರಿನ ಮೇಲಿದ್ದು, ಇಲ್ಲಿನ ಸ್ಟೇಷನ್ ಪಿಯರ್‌ನಲ್ಲಿ ಇಳಿದರು. ಪಾತ್ರಿಸ್ ಅಂದ್ರೆ ತಾಯ್ನಾಡು ಅಂತ ಅರ್ಥ ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ಗಂಡ ಕಾರು ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಇವರು ಶರ್ಟಿನ ಕಾರ್ಖಾನೆಯಲ್ಲಿ ಹಗಲು ಪಾಳಿ. ಬೆಳಗ್ಗೆ ಅವರು ಒಳಗೆ ಬರೋದು, ಇವರು ಹೊರಗೆ ಹೋಗೋದು. ಮಗು ಬಾಗಿಲಲ್ಲೇ ಕೈ ಬದಲಾಯಿಸುತ್ತಿತ್ತು. ಹನ್ನೊಂದು ವರ್ಷ ಕಾಲರ್ ಮಾತ್ರ ಹೊಲಿದರು. ಇಷ್ಟು ಪೀಸಿಗೆ ಇಷ್ಟು ದುಡ್ಡು. ಆ ಕಾರ್ಖಾನೆಯಲ್ಲಿ ಒಂದೇ ಒಂದು ಇಡೀ ಶರ್ಟು ಹೊಲಿಯಲಿಲ್ಲ. ಕೇಳುತ್ತಾ ನನಗೆ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಚಿಕ್ಕಮ್ಮ ನೆನಪಾದರು. ಅವರದ್ದೂ ಬರೀ ತೋಳು ಕೂಡಿಸೋ ಕೆಲಸ.

ಇಂಗ್ಲಿಷ್ ಕಲಿಯಲು ಬಿಡುವೆಲ್ಲಿತ್ತು? ಕಿವಿಗೆ ಬಿದ್ದ ಪದಗಳನ್ನೇ ಗ್ರೀಕ್ ಮಾಡಿಕೊಂಡರು. ಕಾರು ‘ಕಾರೊ’, ಮಾರ್ಕೆಟ್ಟು ‘ಮಾರ್ಕೆಟಾ’, ಬಾಸು ‘ಬೊಸಿಸ್’. ನಾವೂ ಹಾಗೇ ಅಲ್ವಾ?

ಬೆನ್ನಿನ ವಿಷಯ ಬಂದಾಗ ಮಾತ್ರ ಯಾಯಾ ದನಿ ಗಟ್ಟಿಯಾಯಿತು. ವರ್ಷಗಟ್ಟಲೆ ಬಗ್ಗಿ ದುಡಿದವರು ನೋವು ಅಂತ ಹೋದರೆ, ಕೆಲವು ಡಾಕ್ಟರುಗಳು ಅದಕ್ಕೆ ‘ಮೆಡಿಟರೇನಿಯನ್ ಬೆನ್ನು’ ಅಂತ ಹೆಸರಿಟ್ಟಿದ್ದರು. ಗ್ರೀಸಿನಂಥ ಮೆಡಿಟರೇನಿಯನ್ ಕಡೆಯವರ ನಾಟಕ ಅನ್ನೋ ಅರ್ಥ. 1978ರ ಏಪ್ರಿಲ್ 1ರಂದು ಸಿಡ್ನಿಯಲ್ಲಿ ಗ್ರೀಕರ ನೂರಕ್ಕೂ ಜಾಸ್ತಿ ಮನೆಗಳಿಗೆ ಪೊಲೀಸರು ನುಗ್ಗಿದರು. ಸುಳ್ಳು ಕಾಯಿಲೆ ಹೇಳಿ ಪಿಂಚಣಿ ಪಡೆದರು ಅನ್ನೋ ಆರೋಪ. ವರ್ಷಗಳ ನಂತರ ಆ ಕೇಸು ಕುಸಿದುಬಿತ್ತು, ಸರ್ಕಾರ ಪರಿಹಾರ ಕೊಡಬೇಕಾಯಿತು. ಅಷ್ಟರಲ್ಲಿ ಇಡೀ ಸಮುದಾಯಕ್ಕೆ ಕಳ್ಳರು ಅನ್ನೋ ಹೆಸರು ಅಂಟಿತ್ತು. ಮೈ ಸವೆಸಿ ದುಡಿದವರ ನೋವನ್ನೇ ಅನುಮಾನಿಸೋದು ಎಂಥ ಅನ್ಯಾಯ! ಕೇಳಿ ನನಗೆ ಹೊಟ್ಟೆ ಉರಿಯಿತು.

ಅಂಚು ಹೊಲಿದು ಮುಗಿಯಿತು. ದಾರವನ್ನು ಹಲ್ಲಿನಲ್ಲೇ ಕಡಿದರು. ದುಡ್ಡು ಅಂದಿದ್ದಕ್ಕೆ ಗದರಿ, ಹಿತ್ತಲಿನ ನಿಂಬೆಹಣ್ಣು ಚೀಲ ತುಂಬಿಸಿ ಕೊಟ್ಟರು. ಬಾಗಿಲವರೆಗೆ ಬಂದು ಲಂಗದ ಮೇಲಿನ ರವಿಕೆ ಎಲ್ಲಿ ಅಂತ ಕೇಳಿದರು. ಚಿಕ್ಕದಾಗಿದೆ, ಹೊಸದು ಹೊಲಿಸಬೇಕು ಅಂದೆ.

“ಮಗೂನ ಕರ್ಕೊಂಡು ಬಾ, ಅಳತೆ ತಗೋತೀನಿ. ಪೂರ್ತಿ ನಾನೇ ಹೊಲಿತೀನಿ.”