ಗ್ರಾಮಸಭೆಯನ್ನು ಕೇಳದೆ ಕೊಟ್ಟ ಕಾವಲು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ, ಅಂದರೆ ಅಮೃತಮಹಲ್ ತಳಿಯ ದನಗಳಿಗೆಂದು ಅರಸರು ಮೀಸಲಿಟ್ಟಿದ್ದ ಮೇವಿನ ನೆಲಗಳ, ಸುಮಾರು 10,000 ಎಕರೆ ಹುಲ್ಲುಗಾವಲು 2009ರಿಂದ ಎರಡು ಮೂರು ವರ್ಷಗಳೊಳಗೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಒಂದು ಖಾಸಗಿ ಸೌರವಿದ್ಯುತ್ ಕಂಪನಿಯ ಪಾಲಾಯಿತು. ದೇಶಕ್ಕೆ ಸಂಶೋಧನಾ ಕೇಂದ್ರಗಳು ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ತಲೆತಲಾಂತರದಿಂದ ಅಲ್ಲಿ ದನ ಕುರಿ ಮೇಯಿಸಿಕೊಂಡು ಬಂದ ಮ್ಯಾಸನಾಯಕರನ್ನಾಗಲಿ ಕಾಡುಗೊಲ್ಲರನ್ನಾಗಲಿ ಒಂದು ಮಾತೂ ಕೇಳದೆ ಆ ನೆಲವನ್ನು ಮಂಜೂರು ಮಾಡಿದ್ದು ಅನ್ಯಾಯವೆಂದೇ ನಾನು ನಂಬಿದ್ದೇನೆ.

ಪಹಣಿಯಲ್ಲಿ ಕಾವಲು ಸರ್ಕಾರದ್ದು. ಮೈಸೂರು ಅರಸರ ದನಸಾಕಣೆಯ ಇಲಾಖೆಯಾಗಿದ್ದ ಬೆಣ್ಣೆಚಾವಡಿಯ ಕಾಲದಿಂದಲೂ ಅದು ಆಳುವವರ ಹೆಸರಿನಲ್ಲೇ ಇದೆ. ಅದನ್ನು ಬಳಸಿ ಉಳಿಸಿದವರ ಹೆಸರು ಯಾವ ದಾಖಲೆಗೂ ಏರಲಿಲ್ಲ. ಈ ಕೊರತೆಯನ್ನು ತುಂಬಲೆಂದೇ 2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯಭೂಮಿಯಲ್ಲಿ ಪಶುಪಾಲಕರು ಮೇಯಿಸುವುದನ್ನು ಸಮುದಾಯದ ಹಕ್ಕೆಂದು ಒಪ್ಪಿ, ಅದನ್ನು ಗುರುತಿಸುವ ಕೆಲಸವನ್ನು ಗ್ರಾಮಸಭೆಯಿಂದಲೇ ಆರಂಭಿಸಬೇಕೆಂದು ವಿಧಿಸಿತು. ಅದರಲ್ಲೂ ಒಂದು ತೊಡಕಿದೆ. ಮ್ಯಾಸನಾಯಕರು ಪರಿಶಿಷ್ಟ ಪಂಗಡದವರು. ಅದೇ ಹುಲ್ಲಿನಲ್ಲಿ ಕುರಿ ಮೇಯಿಸುವ ಕಾಡುಗೊಲ್ಲರು ಮಂಜೂರಾತಿಯ ಆ ವರ್ಷಗಳಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ, ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ನೆಲೆಸಿದ್ದಕ್ಕೆ ಪುರಾವೆ ತರಬೇಕಿತ್ತು. ಊರಾಚೆಯ ಹಟ್ಟಿಯಲ್ಲಿ ಬದುಕಿದವರು ಅಂಥ ಕಾಗದವನ್ನು ಎಲ್ಲಿಂದ ತಂದಾರು?

ದೊಡ್ಡ ಉಳ್ಳಾರ್ತಿಯ ಕಡೆ ದೇವರ ಎತ್ತುಗಳನ್ನು ಕಾಯುವ ಕಿಲಾರಿಯೊಬ್ಬರು ಅವನ್ನು ಆ ಸಂಸ್ಥೆಗಳ ಕಾಂಪೌಂಡ್ ಗೋಡೆಯ ಮಗ್ಗುಲಲ್ಲೇ ಹೊಡೆದುಕೊಂಡು ಹೋಗುವುದನ್ನು ಕಂಡಿದ್ದೇನೆ. ಈ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಅವನ್ನು ಸಂತೆಗೆ ಹೊಡೆಯುವುದಿಲ್ಲ. ಮ್ಯಾಸನಾಯಕರಿಗೆ ಅವು ಕುಲದ ದೈವಕ್ಕೆ ಸೇರಿದವು. ಗೋಡೆ ಸುತ್ತಿ ಹುಲ್ಲಿರುವಲ್ಲಿಗೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ, ಇನ್ನು ಮೇಯುವುದು ಯಾವಾಗ ಎಂದು ಅವರು ಕೇಳಿದರು. ಬರಗಾಲದಲ್ಲಿ ಗೋಶಾಲೆ ತೆರೆದು ಮೇವು ಹಂಚಿದರೆ ಈ ನಷ್ಟ ತುಂಬುವುದಿಲ್ಲ. ಹುಲ್ಲು ಹೋದರೆ ಕುರಿ ಹೋಗುತ್ತದೆ, ಕುರಿ ಹೋದರೆ ಹುಣಸೆಬೀಜದ ಗಂಜಿ ಹಾಕಿ ಕಂಬಳಿ ನೇಯುವ ಮಗ್ಗಗಳೂ ನಿಲ್ಲುತ್ತವೆ.

ಜನರು ಧರಣಿ ಕುಳಿತರು, ಕೋರ್ಟಿಗೂ ಹೋದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2014ರ ಆಗಸ್ಟ್ ತೀರ್ಪಿನ ನಂತರವೂ ಯೋಜನೆಗಳು ಮುಂದುವರಿದವು. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಕಟ್ಟಿದ ಗೋಡೆಯನ್ನು ಇನ್ನು ಯಾರೂ ಕೆಡವಲಾರರು. ಆದರೆ ಜಿಲ್ಲೆಯಲ್ಲಿ ಉಳಿದಿರುವ ಕಾವಲುಗಳಲ್ಲಾದರೂ ಮೇಯಿಸುವ ಹಕ್ಕನ್ನು ಗ್ರಾಮಸಭೆಗಳ ಮೂಲಕ ದಾಖಲಿಸಿ, ಆ ಕೆಲಸ ಮುಗಿಯುವವರೆಗೆ ಒಂದು ಗುಂಟೆಯನ್ನೂ ಬೇರೆಯವರಿಗೆ ಕೊಡಬಾರದೆಂದು ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇನೆ.