ಊರಮನೆಗೆ ಕ್ಯಾಮೆರಾ ಆರಿಸಿದ ದಿನ

ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ಡಿಸೆಂಬರ್, ಜನವರಿ ಎಂದರೆ ತೊಗರಿ ರಾಶಿಯ ಕಾಲ. ದರ ಏರಲೆಂದು ಕಾಯುವವರು ರಾಶಿ ಮುಗಿದ ಮೇಲೂ ಚೀಲಗಳನ್ನು ಮನೆಯಲ್ಲಿಯೇ ಒಟ್ಟಿಡುತ್ತಾರೆ. ವರ್ಷದ ದುಡಿಮೆಯೆಲ್ಲ ಆಗ ಒಂದೇ ಬೀಗದ ಹಿಂದಿರುತ್ತದೆ. ಈ ಸಲ ನಮ್ಮ ಓಣಿಯ ಬೀಗ ಹಾಕಿದ ಮನೆಯೊಂದರಿಂದ ರಾತ್ರೋರಾತ್ರಿ ಚೀಲಗಳು ಹೋದವು. ಅದರ ಬೆನ್ನಿಗೇ ನಮ್ಮ ಹೊಲದ ಬಾವಿಯ ಮೋಟಾರಿನ ಕೇಬಲ್ಲನ್ನು ತಾಮ್ರದ ಆಸೆಗೆ ಯಾರೋ ಕತ್ತರಿಸಿಕೊಂಡು ಹೋದರು. ನನ್ನ ನೌಕರಿ ಕಲಬುರಗಿಯಲ್ಲಿ. ಊರಮನೆಯಲ್ಲಿರುವವರು ವಯಸ್ಸಾದ ಅಪ್ಪ, ಅವ್ವ ಇಬ್ಬರೇ. ಆದ್ದರಿಂದ ವೈರಿಂಗ್ ಕೆಲಸ ಬಲ್ಲ ನನ್ನ ಕಾಕಾನ ಮಗನನ್ನು ಕರೆದುಕೊಂಡು, ಕ್ಯಾಮೆರಾ ಕೊಳ್ಳುವ ಮೊದಲು ಮನೆಯ ಸುತ್ತ ಅಳತೆ ತೆಗೆಯಲೆಂದು ಒಂದು ಭಾನುವಾರ ಊರಿಗೆ ಹೋದೆ.

ಕಲಬುರಗಿಯ ಅಂಗಡಿಗಳಲ್ಲಿ ಮೊದಲು ತೋರಿಸುವುದು ಎಂಟು ಕ್ಯಾಮೆರಾಗಳ ಸೆಟ್ಟು, ಮೊದಲು ಹೇಳುವುದು ಮೆಗಾಪಿಕ್ಸೆಲ್ಲು. ನಾನು ಕೇಳಿದ್ದು ಲೆನ್ಸಿನ ಅಳತೆ. ಸಾಮಾನ್ಯವಾಗಿ ಸಿಗುವ 2.8 ಮಿ.ಮೀ. ಲೆನ್ಸು ಸುಮಾರು 100 ಡಿಗ್ರಿ ಅಗಲವನ್ನು ಹಿಡಿಯುವುದರಿಂದ ಅಂಗಳವೆಲ್ಲ ಕಾಣುತ್ತದೆ, ಆದರೆ ದೂರದಲ್ಲಿರುವವನ ಮುಖ ಚುಕ್ಕೆಯಷ್ಟಾಗುತ್ತದೆ. ಅಪರಿಚಿತನ ಮುಖವನ್ನು ಗುರುತಿಸಲು ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್, ಅಂದರೆ ಚಿತ್ರವನ್ನು ಕಟ್ಟುವ ಕಣ, ಇರಬೇಕೆಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಲೆಕ್ಕ. ನಮ್ಮ ತಲಬಾಗಿಲಿನಿಂದ ಗೇಟಿಗೆ 25 ಅಡಿ. ಎರಡು ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಅಷ್ಟು ದೂರದಲ್ಲಿ 2.8 ಲೆನ್ಸಿಗೆ ಮೀಟರಿಗೆ ನೂರರ ಆಸುಪಾಸು ಮಾತ್ರ ದಕ್ಕುತ್ತದೆ. ಸುಮಾರು 50 ಡಿಗ್ರಿ ನೋಡುವ 6 ಮಿ.ಮೀ. ಲೆನ್ಸಿಗೆ 250ಕ್ಕಿಂತ ತುಸು ಹೆಚ್ಚೇ ಬರುತ್ತದೆ. ಹೀಗಾಗಿ ಗೇಟಿಗೆ 6ರದ್ದು, ಅಂಗಳಕ್ಕೂ ಹಿಂದಿನ ದನದ ಕೊಟ್ಟಿಗೆಗೂ 2.8ರದ್ದು ಎಂದು ಬರೆದುಕೊಂಡೆ. ಮನೆಗೆ ಮೂರು ಸಾಕು.

ಈ ಲೆಕ್ಕವನ್ನು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದ ಅಪ್ಪ, “ಮುಖ ಸಿಕ್ಕರ ಚೀಲ ವಾಪಸ್ ಬರ್ತಾವೇನು ತಮ್ಮಾ? ಅವ ಒಳಗ ಬರೂಕಿಂತ ಮೊದಲೇ ಹಿಂದಕ್ಕ ಹೋಗಬೇಕು” ಎಂದರು. ಆ ದಿನದ ಆಯ್ಕೆಗೆ ದಾರಿ ಹಾಕಿದ್ದು ಈ ಮಾತೇ. ಇನ್‌ಫ್ರಾರೆಡ್ ಕ್ಯಾಮೆರಾ ಕತ್ತಲಲ್ಲಿ ಕಪ್ಪುಬಿಳುಪು ಚಿತ್ರವನ್ನು ಸದ್ದಿಲ್ಲದೆ ಹಿಡಿಯುತ್ತದೆ, ಬಂದವನಿಗೆ ತನ್ನನ್ನು ಯಾರೋ ನೋಡುತ್ತಿದ್ದಾರೆಂಬುದೇ ತಿಳಿಯದೆ ಹೋಗಬಹುದು. ಮನುಷ್ಯ ಕಂಡೊಡನೆ ಬಿಳಿ ದೀಪ ಹೊತ್ತಿಸಿ ಸೈರನ್ ಕೂಗಿಸುವ ಕ್ಯಾಮೆರಾ ಅವನನ್ನು ಗೇಟಿನಲ್ಲಿಯೇ ತಡೆದೀತು. ಬೆಲೆ ಹೆಚ್ಚು, ಆದರೂ ಎಂಟು ಮಂದ ಕಣ್ಣುಗಳಿಗಿಂತ ಇಂಥ ಮೂರು ಮೇಲೆಂದೇ ನನ್ನ ಅಭಿಪ್ರಾಯ.

ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ಅಗ್ಗದ ಕೆಲವು ಮಾದರಿಗಳು ಪಿಐಆರ್ ಸೆನ್ಸರನ್ನಷ್ಟೇ ನಂಬಿರುತ್ತವೆ, ಅದು ಮೈಶಾಖಕ್ಕೂ ಸುತ್ತಲಿನ ಶಾಖಕ್ಕೂ ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧನ. ನಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾದ ಕಲ್ಲಿನ ಗೋಡೆ ಹೊತ್ತು ಮುಳುಗಿದ ಮೇಲೂ ತಣಿಯುವುದಿಲ್ಲ, ಆಗ ಆ ವ್ಯತ್ಯಾಸವೇ ಕುಗ್ಗುತ್ತದೆ. ಚಿತ್ರದಲ್ಲಿಯೇ ಮನುಷ್ಯನ ಆಕಾರವನ್ನು ಗುರುತಿಸುವ ಮಾದರಿಗೆ ಈ ತೊಂದರೆಯಿಲ್ಲ. ನಾಯಿ, ಎಮ್ಮೆ ಸುಳಿದಾಗಲೆಲ್ಲ ಅದು ಕೂಗುವುದೂ ಅಪರೂಪ.

ವೈಫೈ ಬೇಡವೆಂದದ್ದು ಜೊತೆಗೆ ಬಂದಿದ್ದ ಕಾಕಾನ ಮಗ, ನನ್ನ ತಮ್ಮ. ದಪ್ಪ ಕಲ್ಲುಗೋಡೆ ದಾಟಿ ಕೊಟ್ಟಿಗೆಯವರೆಗೆ ಸಿಗ್ನಲ್ ಹೋಗಲಾರದು, ಆದರೆ ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಕರೆಂಟನ್ನೂ ಚಿತ್ರವನ್ನೂ ಸಾಗಿಸುವ ಪಿಓಇ ಪದ್ಧತಿ 100 ಮೀಟರಿನವರೆಗೆ ನಡೆಯುತ್ತದೆ. ಕಳ್ಳ ಹುಡುಕಿ ಒಯ್ಯಬಹುದಾದದ್ದು ದೃಶ್ಯಗಳನ್ನು ಉಳಿಸಿಡುವ ರೆಕಾರ್ಡರನ್ನೇ ಆದ್ದರಿಂದ ಅದನ್ನು ಟಿವಿಯ ಪಕ್ಕ ಇಡದೆ ಒಳಕೋಣೆಯ ಅಟ್ಟದ ಮೇಲೆ, ಗಾಳಿಯಾಡುವಂತೆ ಇಟ್ಟೆವು. ಕರೆಂಟು ಹೋದಾಗಲೂ ನಡೆಯಲೆಂದು ರೆಕಾರ್ಡರು, ರೂಟರು ಎರಡಕ್ಕೂ ಯುಪಿಎಸ್ ಕೊಟ್ಟೆವು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ದಿನಕ್ಕೆ ಸುಮಾರು 21.6 ಜಿಬಿ ತುಂಬಿಸುತ್ತದೆ, ಅಂದರೆ ಮೂರು ಸೇರಿದರೆ 1 ಟಿಬಿ ಡಿಸ್ಕಿನಲ್ಲಿ 15 ದಿನದ ದೃಶ್ಯ ನಿಲ್ಲುತ್ತದೆ. ಬಾವಿಯ ಬಳಿ ಮಾತ್ರ ಕರೆಂಟಿನ ಭರವಸೆ ಇಲ್ಲದ್ದರಿಂದ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಆರಿಸಿದೆವು. ಚಲನೆ ಕಂಡಾಗ ಮಾತ್ರ ಚಿತ್ರ ಹಿಡಿಯುವುದರಿಂದ ಡೇಟಾ ಉಳಿಯುತ್ತದೆ. ರಾಶಿಯ ಕಾಲದ ಹೊಟ್ಟು, ಧೂಳು ಫಲಕದ ಮೇಲೆ ಕೂರುವುದರಿಂದ ಆಗಾಗ ಒರೆಸಲೇಬೇಕು.

ಮರುವಾರ ಕ್ಯಾಮೆರಾ ಕೂರಿಸುವಾಗ ಎದುರುಮನೆಯ ದೊಡ್ಡವ್ವ ಸೆರಗು ಸರಿಮಾಡಿಕೊಳ್ಳುತ್ತ ಬಂದು ನಿಂತರು. “ನಾವು ಬಚ್ಚಲಕ್ಕ ಹೋಗೂದು ಬರೂದು ಇದರಾಗ ಕಾಣ್ತದೇನಪಾ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಗೇಟಿನಾಚೆ ಅವರ ಹಿತ್ತಲಿನ ಮೂಲೆ ಚಿತ್ರದಲ್ಲಿ ಬರುತ್ತಿತ್ತು. ಸೆಟ್ಟಿಂಗಿನಲ್ಲಿ ಆ ಭಾಗದ ಮೇಲೆ ಕಪ್ಪು ಚೌಕ ಎಳೆದು ಫೋನನ್ನು ಅವರ ಕೈಗೆ ಕೊಟ್ಟೆ. ಮೊಮ್ಮಗಳನ್ನು ಬಚ್ಚಲ ಬಾಗಿಲ ಮುಂದೆ ನಿಲ್ಲಿಸಿ, ಅವಳು ಕಾಣುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವರು ಒಪ್ಪಿದರು. ರೆಕಾರ್ಡರಿನಲ್ಲಿಯೂ ಆ ಭಾಗ ಕಪ್ಪಾಗಿಯೇ ಉಳಿಯುತ್ತದೆ.

ಕಂಪನಿ ಹಾಕಿಕೊಟ್ಟ ಪಾಸ್‌ವರ್ಡನ್ನು ಅಂದೇ ಬದಲಾಯಿಸಿ, ರೆಕಾರ್ಡರಿನ ಗಡಿಯಾರವನ್ನು ಸರಿಹೊಂದಿಸಿದೆವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದೃಶ್ಯವನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕಾಗುತ್ತದೆ. ಸಮಯವೇ ತಪ್ಪಾಗಿದ್ದರೆ ಸಾಕ್ಷ್ಯದ ಬಲ ಕುಗ್ಗುತ್ತದೆ.

ಕೊನೆಗೆ ಉಳಿದದ್ದು ಎಚ್ಚರಿಕೆಯ ಸಂದೇಶ ಯಾರಿಗೆ ಹೋಗಬೇಕೆಂಬುದು. ನಾನಿರುವ ಕಲಬುರಗಿ ಆಳಂದದಿಂದಲೇ ಸುಮಾರು 40 ಕಿ.ಮೀ. ದೂರ. ನಡುರಾತ್ರಿ ಫೋನು ಬಡಿದರೆ 112ಕ್ಕೆ ಕರೆ ಮಾಡಬಲ್ಲೆ, ಓಡಿ ಬರಲಾರೆ. ಅದಕ್ಕೆ ಗೇಟಿನ ಕ್ಯಾಮೆರಾದ ಸಂದೇಶ ನನ್ನೊಂದಿಗೆ ತಮ್ಮನಿಗೂ ದೊಡ್ಡವ್ವನ ಮಗನಿಗೂ ಹೋಗುವಂತೆ ಮಾಡಿದೆವು. ಸಂಜೆ ಸೈರನ್ ಕೂಗಿಸಿ ನೋಡಿದಾಗ ಓಣಿಯ ತುದಿಯ ಮನೆಯವರೂ ಹೊರಗೆ ಬಂದರು. ಆ ಸದ್ದು ಯಾವುದೆಂದು, ಕೇಳಿದರೆ ಏನು ಮಾಡಬೇಕೆಂದು ಅಪ್ಪನೇ ನಿಂತು ಅವರಿಗೆಲ್ಲ ವಿವರಿಸಿದರು.